ಶಾಲು ಹೊದಿಸಿ ಬಾಯಿ ಮುಚ್ಚಿಸಿದ ದಿನ

ನನಗೆ ಸಿಟ್ಟು ಬೇಗ ಬರುವುದಿಲ್ಲ. ಬಂದರೆ ಬೇಗ ಇಳಿಯುವುದೂ ಇಲ್ಲ. ಲಂಡನ್ನಿನ ವೆಂಬ್ಲಿಯ ಶಾಲೆಯೊಂದರ ಹಾಲ್‌ನಲ್ಲಿ ನಮ್ಮ ಕನ್ನಡ ಸಂಘದವರು ರಾಜ್ಯೋತ್ಸವ ಮಾಡಿ ಇಷ್ಟು ದಿನವಾಯಿತು, ಅವತ್ತಿನ ಸಿಟ್ಟು ಇನ್ನೂ ಇಳಿದಿಲ್ಲ. ಹೊರಗೆ ಹಾಕದಿದ್ದರೆ ನನ್ನ ಬಿಪಿಗೆ ಒಳ್ಳೆಯದಲ್ಲ.

ಅವತ್ತಿನ ಮುಖ್ಯ ಅತಿಥಿ ನಮ್ಮ ಮೇಡಮ್. ಆಸ್ಟ್ರೇಲಿಯಾದ ಹೆಣ್ಣುಮಗಳು, ಲಂಡನ್ನಿನಲ್ಲಿ ಒಂದು ಸಾಹಿತ್ಯ ಪತ್ರಿಕೆಯ ಸಂಪಾದಕಿಯಾಗಿ ಕೂದಲು ಬೆಳ್ಳಗೆ ಮಾಡಿಕೊಂಡವರು. ಆ ಪತ್ರಿಕೆಯ ಕಚೇರಿಯಲ್ಲಿ ಚಂದಾದಾರರ ಕೆಲಸ, ಅಂಚೆ, ಫೋನು ನೋಡಿಕೊಳ್ಳುತ್ತಿದ್ದವಳು ನಾನು. ಧಾರವಾಡದಿಂದ ಹೊಸದಾಗಿ ಬಂದಿದ್ದೆ, ನನ್ನ ಇಂಗ್ಲಿಷಿಗೆ ಬೇರೆ ಯಾರೂ ಕೆಲಸ ಕೊಡಲಿಲ್ಲ. ಅವರು ಕೊಟ್ಟರು. ತಾವು ಈ ಊರಿಗೆ ಬಂದಾಗ ತಮ್ಮ ಇಂಗ್ಲಿಷನ್ನು ಕೇಳಿಯೂ ಜನ ನಕ್ಕಿದ್ದರಂತೆ. ಅಚ್ಚಿನ ತಪ್ಪು ತಿದ್ದುವ ಕೆಲಸದಿಂದ ಶುರುಮಾಡಿ, ಹೆಸರೇ ಹಾಕದ ವಿಮರ್ಶೆಗಳನ್ನು ವರ್ಷಗಟ್ಟಲೆ ಬರೆದು, ಕೊನೆಗೆ ನಕ್ಕವರ ಕುರ್ಚಿಯಲ್ಲೇ ಕುಳಿತರು. ಒಂದು ಕಾಲದಲ್ಲಿ ಈ ಊರಿನಲ್ಲಿ ಹೊಸ ಕಾದಂಬರಿ ಬಂದರೆ, ಆಕೆ ಏನಂದರು ಅಂತ ಕೇಳದೆ ಅಂಗಡಿಯವರು ಅದನ್ನು ಕಿಟಕಿಯಲ್ಲಿ ಇಡುತ್ತಿರಲಿಲ್ಲ.

ಅವರು ಕೆಲಸ ಮಾಡುತ್ತಿದ್ದ ರೀತಿಯೇ ಬೇರೆ. ಲೇಖಕರು ಎಷ್ಟೇ ದೊಡ್ಡವರಿರಲಿ, ಎದುರಿನ ಕುರ್ಚಿಯಲ್ಲಿ ಕೂತು ತಮ್ಮ ಬರಹವನ್ನು ತಾವೇ ಗಟ್ಟಿಯಾಗಿ ಓದಬೇಕು. ಇವರು ಕಣ್ಣು ಮುಚ್ಚಿ ಕೇಳುತ್ತಿದ್ದರು, ನಡುವೆ ಒಂದು ಮಾತಿಲ್ಲ. ಓದುವವರು ಎಲ್ಲಿ ಅವಸರ ಮಾಡಿ ದಾಟಿಕೊಂಡರೋ, ಎಲ್ಲಿ ದನಿ ಇಳಿಸಿದರೋ, ಆ ಜಾಗವನ್ನು ಆಮೇಲೆ ಬೆರಳಿಟ್ಟು ತೋರಿಸುತ್ತಿದ್ದರು: ಇಲ್ಲಿ ನಿಮಗೇ ನಂಬಿಕೆಯಿಲ್ಲ. ಒಬ್ಬ ಕವಿಯಂತೂ ನನ್ನ ಮೇಜಿನ ಹತ್ತಿರ ಬಂದು, ನಿಮ್ಮ ಒಡತಿ ಹಲ್ಲಿನ ಡಾಕ್ಟರ್ ಆಗಬೇಕಿತ್ತು ಅಂತ ಬೈದು ಹೋಗಿದ್ದ. ನನಗೆ ಮಾತ್ರ ಇದೇನೂ ಹೊಸದೆನಿಸಲಿಲ್ಲ. ನಮ್ಮಮ್ಮನ ತಾಯಿ, ಸೋದರತ್ತೆ, ಓಣಿಯ ಮುದುಕಿಯರೆಲ್ಲ ಜೋಳ ಹಸನು ಮಾಡುತ್ತ ನನ್ನ ಕೈಲಿ ಕತೆ ಹೇಳಿಸುತ್ತಿದ್ದದ್ದೂ ಹೀಗೆಯೇ. ಹೇಳಿ ಮುಗಿಸುವವರೆಗೆ ಸುಮ್ಮನಿರುತ್ತಿದ್ದರು, ಮುಗಿದ ಮೇಲೆ ಹಿಡಿದು ಝಾಡಿಸುತ್ತಿದ್ದರು.

ಹೀಗೆ ಜೀವಮಾನವೆಲ್ಲ ಮಂದಿಯ ಮಾತು ಕೇಳಿದವರನ್ನು ಪತ್ರಿಕೆಯ ಹೊಸ ಮಾಲೀಕರು ಕೆಲಸದಿಂದ ತೆಗೆದರು. ತೆಗೆದೆವು ಅಂತ ಹೇಳುವ ಧೈರ್ಯವೂ ಇರಲಿಲ್ಲ ಅವರಿಗೆ. ಮೇಡಮ್ ವಿಶ್ರಾಂತಿ ಬಯಸಿದ್ದಾರೆ ಅಂತ ಸಂಚಿಕೆಯ ಮೊದಲ ಪುಟದಲ್ಲಿ ಅಚ್ಚು ಹಾಕಿಸಿದರು. ಅದನ್ನು ಓದಿದವರೆಲ್ಲ ಹೂಗುಚ್ಛ ಕಳಿಸಿದರು, ಸಭೆಗೆ ಕರೆಯುವುದನ್ನು ನಿಲ್ಲಿಸಿದರು. ವಿಶ್ರಾಂತಿ ತೆಗೆದುಕೊಳ್ಳುವವರನ್ನು ಯಾಕೆ ತೊಂದರೆ ಪಡಿಸುವುದು!

ಒಂದು ದಿನ ಅವರ ಫ್ಲ್ಯಾಟಿನಲ್ಲಿ ಟೀ ಕುಡಿಯುವಾಗ ಅವರೇ ಹೇಳಿದರು: "ನನಗೆ ವಿಶ್ರಾಂತಿ ಬೇಕು ಅಂತ ನಾನು ಯಾರಿಗೂ ಹೇಳಿಲ್ಲ. ಇದನ್ನು ಒಂದು ಸಲ, ನಾಲ್ಕು ಜನರ ಮುಂದೆ, ನನ್ನ ಬಾಯಿಂದಲೇ ಹೇಳಬೇಕು. ಹೇಳಿದರೆ ಸಾಕು, ಆಮೇಲೆ ನನ್ನ ಹೆಸರನ್ನು ಅಳಿಸಿದರೂ ಅಳಿಸಲಿ."

ನಮ್ಮ ಸಂಘಕ್ಕೆ ಅತಿಥಿ ಬೇಕಾಗಿದ್ದದ್ದು ಅದೇ ಸಮಯಕ್ಕೆ. ನಮ್ಮ ಅಧ್ಯಕ್ಷರು ಮೈಸೂರಿನವರು, ಇಲ್ಲಿನ ಸರ್ಕಾರಿ ಆಸ್ಪತ್ರೆಯಲ್ಲಿ ಡಾಕ್ಟರು. ಒಳ್ಳೆಯ ಮನುಷ್ಯ, ಯಾರಿಗೆ ಕಾಯಿಲೆಯಾದರೂ ಓಡಿ ಬರುತ್ತಾರೆ. ನಾನು ಮೇಡಮ್ಮಿನ ವಿಷಯ ಎತ್ತಿದ ಕೂಡಲೇ ಒಪ್ಪಿದರು. ಅರ್ಧ ಗಂಟೆ ಅವರಿಗೇ ಬಿಡಬೇಕು ಎಂದೆ, ಧಾರಾಳವಾಗಿ ಎಂದರು. ಮೇಡಮ್ ಬರೆಯಲು ಕೂತರು. ನಾನು ಹೋದಾಗಲೆಲ್ಲ ಒಳಗಿನ ಕೋಣೆಯಿಂದ ಗಟ್ಟಿಯಾಗಿ ಓದಿಕೊಳ್ಳುವ ದನಿ. ಬಾಗಿಲು ಬಡಿದರೆ ನಿಂತುಬಿಡುತ್ತಿತ್ತು. ನನಗೂ ಓದಿ ಹೇಳಿ ಅಂದರೆ, ಅಲ್ಲೇ ಎಲ್ಲರ ಜೊತೆ ಕೇಳು ಅನ್ನುತ್ತಿದ್ದರು. ಆ ಮುಖದಲ್ಲಿ ಅಂಥ ಕಳೆಯನ್ನು ನಾನು ಬಹಳ ದಿನದಿಂದ ಕಂಡಿರಲಿಲ್ಲ.

ಇನ್ನು ನಮ್ಮವರ ಕಾರ್ಯಕ್ರಮ. ಶುರುವಾಗಿದ್ದೇ ತಡವಾಗಿ. ದೀಪ, ಪ್ರಾರ್ಥನೆ, ನಾಡಗೀತೆ ಆಯಿತು. ಸ್ವಾಗತ ಭಾಷಣ ಮಾಡಿದವರು ಹಿಂದಿನ ಅಧ್ಯಕ್ಷರನ್ನೆಲ್ಲ ಒಬ್ಬೊಬ್ಬರನ್ನಾಗಿ ನೆನೆದರು. ಅತಿಥಿಯ ಪರಿಚಯಕ್ಕೆ ನಿಂತ ಕಾರ್ಯದರ್ಶಿ ಬೆಳಗಾವಿಯವರು, ಪಾರ್ಕ್ ರಾಯಲ್‌ನಲ್ಲಿ ಗೋದಾಮಿನ ಮ್ಯಾನೇಜರು. ಇಂಟರ್‌ನೆಟ್ಟಿನಿಂದ ಇಳಿಸಿಕೊಂಡ ಹಾಳೆಗಳನ್ನು ಒಂದೂ ಬಿಡದೆ ಓದಿದರು. ಯಾರ ಬಗ್ಗೆ ಓದುತ್ತಿದ್ದಾರೋ ಅವರು ಪಕ್ಕದಲ್ಲೇ ಕೂತಿದ್ದಾರೆ, ಬಾಯಿ ಇದೆ, ತಾವೇ ಹೇಳಿಯಾರು ಅನ್ನುವ ಯೋಚನೆಯೇ ಇಲ್ಲ! ಆಮೇಲೆ ಮಕ್ಕಳ ಡ್ಯಾನ್ಸು. ಊಟದ ಖರ್ಚು ಕೊಟ್ಟ ಸಾಲದ ಏಜೆಂಟರಿಗೆ ಮೈಕು. ಅವರು ಮನೆಸಾಲದ ಬಡ್ಡಿಯ ಬಗ್ಗೆ ಮಾತಾಡಿದರು.

ಕೊನೆಗೆ ಸನ್ಮಾನ. ಮೈಸೂರು ಪೇಟ, ಶಾಲು, ಗಂಧದ ಹಾರ, ಹಣ್ಣಿನ ಬುಟ್ಟಿ, ಫಲಕ. ಸಮಿತಿಯವರು ಒಂದೊಂದೇ ಸಂಸಾರವಾಗಿ ವೇದಿಕೆ ಹತ್ತಿ, ಮೇಡಮ್ಮಿನ ಪಕ್ಕ ನಿಂತು ಫೋಟೋ ತೆಗೆಸಿಕೊಂಡರು. ಆ ವಯಸ್ಸಿನಲ್ಲಿ ಅವರು ಬುಟ್ಟಿ ಹೊತ್ತು ನಿಂತೇ ಇದ್ದರು. ಭಾಷಣದ ಹಾಳೆಗಳು ಕಂಕುಳಲ್ಲಿದ್ದವು. ಕೂತುಕೊಳ್ಳಲಿಕ್ಕೆ ಹೋದರೆ, ಇನ್ನೊಂದೇ ಫೋಟೋ ಮೇಡಮ್ ಅಂತ ಮತ್ತೆ ಎಬ್ಬಿಸುತ್ತಿದ್ದರು.

ಆಮೇಲೆ ಅಧ್ಯಕ್ಷರು ಮೈಕು ಹಿಡಿದು, ಸಮಯದ ಅಭಾವ, ಹಾಲ್ ಬಿಟ್ಟುಕೊಡಬೇಕು, ಹಾಗಾಗಿ ಮೇಡಮ್ ಎರಡೇ ಎರಡು ಮಾತು ಆಡಬೇಕೆಂದು ಕೋರಿಕೊಂಡರು. ಮೇಡಮ್ ಪೇಟದ ಕೆಳಗೆ ಕನ್ನಡಕ ಸರಿಮಾಡಿಕೊಂಡು, ಹಾಳೆ ಬಿಡಿಸಿ, ಮೊದಲ ವಾಕ್ಯ ಓದಿದರು. ಸಂಪಾದಕಿ ಏನು ಕೆಲಸ ಮಾಡುತ್ತಾಳೆ ಅಂತ ನನ್ನನ್ನು ಆಗಾಗ ಕೇಳುತ್ತಾರೆ ಅನ್ನುವ ವಾಕ್ಯ. ಅಷ್ಟರಲ್ಲಿ ಹಿಂದೆ ಬಿಸಿಬೇಳೆಬಾತಿನ ಪಾತ್ರೆಯ ಮುಚ್ಚಳ ತೆಗೆದರು. ಕುರ್ಚಿಗಳು ಕಿರ್ರೆಂದವು. ಮಕ್ಕಳನ್ನು ಕರೆದುಕೊಂಡು ಹೆಂಗಸರು ಎದ್ದರು, ತಟ್ಟೆ ಹಿಡಿದುಕೊಂಡು ಗಂಡಸರು ಸಾಲು ನಿಂತರು. ಅಧ್ಯಕ್ಷರು ಪಕ್ಕದಿಂದ ಗಡಿಯಾರ ತೋರಿಸಿದರು. ಮೇಡಮ್ ಹಾಳೆ ಮಡಿಸಿ, ಊಟ ಆರಿಹೋಗಬಾರದು, ಎಲ್ಲರಿಗೂ ವಂದನೆ ಅಂದರು. ಅವತ್ತಿನ ಎಲ್ಲಕ್ಕಿಂತ ಜೋರಾದ ಚಪ್ಪಾಳೆ ಬಿದ್ದದ್ದು ಆ ಮಾತಿಗೆ.

ನಾನು ಅಧ್ಯಕ್ಷರನ್ನು ಉಪ್ಪಿನಕಾಯಿ ಇಟ್ಟಿದ್ದ ಮೇಜಿನ ಹತ್ತಿರ ಹಿಡಿದೆ.

"ಡಾಕ್ಟರ ಸಾಹೇಬ್ರ, ಆಕಿ ಇನ್ನೂ ಮಾತಾಡಿಲ್ರೀ."

"ಗೊತ್ತಕ್ಕಾ, ಏನ್ಮಾಡೋದು, ಟೈಮ್ ಆಗ್ಹೋಯ್ತು. ಆದ್ರೆ ಮರ್ಯಾದೇಲೇನು ಕಮ್ಮಿ ಮಾಡಿದ್ವಿ ಹೇಳಿ? ಪೇಟ ಹಾಕಿದ್ವಿ, ಶಾಲು ಹೊದಿಸಿದ್ವಿ."

"ತಲಿಗೆ ಪೇಟ ಕೊಟ್ರಿ, ಹೆಗಲಿಗೆ ಶಾಲು ಕೊಟ್ರಿ. ಕಿವಿ ಯಾರ್ ಕೊಟ್ರಿ?"

ಅವರು ನಕ್ಕರು. ನಿಮ್ಮ ಧಾರವಾಡದವರ ಬಾಯಿಗೆ ಯಾರು ಎದುರಾಡ್ತಾರೆ ಅಂತ ಹೇಳಿ, ನನ್ನ ತಟ್ಟೆಗೆ ಒಂದು ಹೋಳಿಗೆ ಹಾಕಿ ಮುಂದೆ ಹೋದರು. ಹೋಳಿಗೆ ಹಾಕಿದರಲ್ಲ, ಅದು ನನ್ನನ್ನು ಇನ್ನೂ ಉರಿಸಿತು. ಕೆಟ್ಟವರಾಗಿದ್ದರೆ ಜಗಳ ತೆಗೆದು ಹಗುರಾಗಬಹುದಿತ್ತು. ಇವರಿಗೆ ತಾವು ಏನು ಮಾಡಿದೆವೆಂಬುದೇ ಗೊತ್ತಿಲ್ಲ. ಪತ್ರಿಕೆಯ ಮಾಲೀಕರು ಮೋಸದಿಂದ ಮಾಡಿದ್ದನ್ನು ನಮ್ಮವರು ಪ್ರೀತಿಯಿಂದ ಮಾಡಿದರು.

ಟ್ಯೂಬ್ ರೈಲಿನಲ್ಲಿ ವಾಪಸು ಹೋಗುವಾಗ ಹಣ್ಣಿನ ಬುಟ್ಟಿ ನನ್ನ ತೊಡೆಯ ಮೇಲಿತ್ತು. ಮೇಡಮ್ ಕಿಟಕಿ ಕಡೆ ನೋಡುತ್ತಿದ್ದರು. ನನ್ನಿಂದ ಸುಮ್ಮನಿರಲಾಗಲಿಲ್ಲ, ನನಗೊಬ್ಬಳಿಗಾದರೂ ಇಲ್ಲೇ ಓದಿ ಎಂದೆ.

"ಬೇಡ. ನಿನಗೆ ಗೊತ್ತಿರುವುದನ್ನು ನಿನಗೆ ಹೇಳಿ ಏನು ಬಂತು? ಗೊತ್ತಿಲ್ಲದವರು ಕೇಳಬೇಕಿತ್ತು." ಮತ್ತೆ ಅಂದರು, "ನಿಮ್ಮವರ ಮೇಲೆ ಸಿಟ್ಟಾಗಬೇಡ. ನನ್ನ ಜನ ಎರಡು ಮಾತು ಆಡು ಅಂತಲೂ ಕರೆಯಲಿಲ್ಲ."

ಸಿಟ್ಟಾಗಬೇಡ ಅಂದರೆ ಆಗದಿರಲಿಕ್ಕೆ ಅದೇನು ಬಸ್ಸೇ, ಬೆಲ್ ಒತ್ತಿದಲ್ಲಿ ನಿಲ್ಲಲಿಕ್ಕೆ? ಮರುದಿನ ಅಧ್ಯಕ್ಷರ ಫೋನು ಬಂತು. ಕಾರ್ಯಕ್ರಮ ಅದ್ಭುತವಾಯಿತಂತೆ, ವಾಟ್ಸ್ಯಾಪಿನಲ್ಲಿ ಫೋಟೋಗಳನ್ನು ಎಲ್ಲರೂ ಮೆಚ್ಚಿದರಂತೆ. ಆ ಭಾಷಣದ ಪ್ರತಿ ಕಳಿಸಿದರೆ ಗ್ರೂಪಿಗೆ ಹಾಕುತ್ತೇವೆ ಅಂದರು. ನಾನು ಅವರಿಗೆ ಹೇಳಿದೆ: ಗ್ರೂಪಿಗೆ ಹಾಕುವುದು ಬೇಡ, ಕೂತು ಕೇಳಿ. ಯುಗಾದಿಯಲ್ಲಿ ಅವರೊಬ್ಬರದೇ ಕಾರ್ಯಕ್ರಮ ಇಡಿ. ಸ್ವಾಗತ ಬೇಡ, ಪರಿಚಯ ಬೇಡ, ಶಾಲು ಬೇಡ. ಅವರು ಗಾಬರಿಯಾದರು. ಸ್ವಾಗತವಿಲ್ಲದೆ ಅತಿಥಿಯನ್ನು ಕೂರಿಸುವುದು ಅಪಚಾರವಲ್ಲವೇ ಅಂದರು. ಸಮಿತಿಯಲ್ಲಿ ಇಡುತ್ತೇನೆ ಅಂದರು. ಇಟ್ಟರಂತೆ. ಸ್ವಾಗತ ಯಾರು ಮಾಡಬೇಕು ಅನ್ನುವ ಚರ್ಚೆಯಲ್ಲೇ ಆ ಸಭೆ ಮುಗಿಯಿತಂತೆ.

ಹೇಸ್‌ನಲ್ಲಿ ನಮ್ಮ ಮನೆಯ ಬೀದಿಯ ತುದಿಗೆ ಒಂದು ಚರ್ಚ್ ಇದೆ. ಅದರ ಹಿಂದಿನ ಕೋಣೆಯನ್ನು ಶನಿವಾರ ಬಾಡಿಗೆಗೆ ಕೊಡುತ್ತಾರೆ. ಬರುವ ತಿಂಗಳಿಗೆ ನಾನೇ ಗೊತ್ತುಮಾಡಿದ್ದೇನೆ. ಮೇಡಮ್ಮಿಗೆ ಹೇಳಿದೆ. ಕೂತು ಕೇಳುವವರಿದ್ದರೆ ಬರುತ್ತೇನೆ ಅಂದರು. ಒಬ್ಬೊಬ್ಬರಿಗೆ ನಾನೇ ಫೋನು ಮಾಡುತ್ತಿದ್ದೇನೆ. ಊಟ ಇಲ್ಲ ಅಂದ ಕೂಡಲೇ ಕೆಲವರಿಗೆ ಅವತ್ತೇ ಬೇರೆ ಕೆಲಸ ನೆನಪಾಯಿತು. ಅವರಿಗೆ ನಾನು ಒತ್ತಾಯ ಮಾಡಲಿಲ್ಲ.

ನಿನ್ನೆ ಕಾರ್ಯದರ್ಶಿಯ ಹೆಂಡತಿ ತಾವಾಗಿಯೇ ಫೋನು ಮಾಡಿದರು.

"ವೈನಿ, ನಾ ಬರ್ತೀನ್ರೀ. ಆದ್ರ ಆಕಿ ಎಷ್ಟೊತ್ತು ಮಾತಾಡ್ತಾರ್ರೀ?"

"ಮುಗಿಸೂತನಕ," ಎಂದೆ.