ಸಾಲಿನ ಕೊನೆಯ ಕಾಣದ ಗುರುತು

ಬೇಗಂಪೇಟೆಯ ಆಫೀಸಿನಲ್ಲಿ ನನ್ನ ಪಕ್ಕದ ಮೇಜು ರಾಯಚೂರು ಕಡೆಯ ಹಿರಿಯರೊಬ್ಬರದು. ದಿನವಿಡೀ ತೆಲುಗು, ಹಿಂದಿ ಆಡಿ ದಣಿದ ನಾವಿಬ್ಬರೂ ಊಟದ ಹೊತ್ತಿಗೆ ಕನ್ನಡಕ್ಕಿಳಿಯುತ್ತಿದ್ದೆವು. ಅಜ್ಜಿಯಿಂದ ಕಲಿತ ನನ್ನ ಹಳೇ ಕಾಲದ ಕನ್ನಡ ಕೇಳಿ, ನೀನು ನನಗಿಂತ ಮುದುಕ ಎಂದು ಚೇಷ್ಟೆ ಮಾಡುತ್ತಿದ್ದರು.

ಆಫೀಸಿನ ಮುಖ್ಯ ಪ್ರೋಗ್ರಾಮನ್ನು ವರ್ಷಗಟ್ಟಲೆ ಕೂತು ಬರೆದವರು ಅವರು. ನಮ್ಮ ಫೈಲುಗಳನ್ನು ಕಾಯುವ ವ್ಯವಸ್ಥೆ, ಪ್ರತಿ ಸಾಲಿನ ಪಕ್ಕದಲ್ಲಿ ಅದನ್ನು ಕೊನೆಗೆ ಮುಟ್ಟಿದವರ ಹೆಸರು ತೋರಿಸುತ್ತದೆ. ಆ ಪ್ರೋಗ್ರಾಮಿನ ಫೈಲಿನಲ್ಲಿ ಮೇಲಿಂದ ಕೆಳತನಕ ಅವರದೇ ಹೆಸರು. ನಿವೃತ್ತಿಗೆ ತಿಂಗಳಷ್ಟೇ ಉಳಿದಿತ್ತು. ಬಿಟ್ಟುಹೋಗುವ ಗುರುತೆಂದರೆ ಅದೊಂದೇ.

ಒಂದು ದಿನ ನಾನು ಅದರಲ್ಲಿ ಒಂದೇ ಸಾಲು ತಿದ್ದಿ ಸೇವ್ ಮಾಡಿದೆ. ಮರುದಿನ ಮಧ್ಯಾಹ್ನ ಅವರು ತಮ್ಮ ಪರದೆಯನ್ನು ನನ್ನ ಕಡೆ ತಿರುಗಿಸಿದರು. ಸಾವಿರಾರು ಸಾಲು, ಎಲ್ಲದರ ಪಕ್ಕದಲ್ಲೂ ನನ್ನ ಹೆಸರು.

"ಕಟ್ಟಿದ ಮನಿಗೆ ಬಂದು ಬಾಗಿಲಿಗೆ ನಿನ್ನ ಹೆಸರು ಬರಸ್ಕೊಂಡಂಗ ಆತಲ್ಲೋ ತಮ್ಮಾ."

ದನಿಯಲ್ಲಿ ಸಿಟ್ಟಿರಲಿಲ್ಲ, ಅದೇ ಹೆಚ್ಚು ಚುಚ್ಚಿತು. ಮುಟ್ಟಿದ್ದು ಒಂದೇ ಸಾಲು ಎಂದು ನಾನು ಆಣೆ ಪ್ರಮಾಣಕ್ಕೇ ಇಳಿದೆ. ಕೊನೆಗೆ ಇಬ್ಬರೂ ಕೂತು ಹುಡುಕಿದೆವು. ಅವರ ಕಂಪ್ಯೂಟರು ನಡೆಸುವ ವಿಂಡೋಸ್ ಪ್ರತಿ ಸಾಲಿನ ಕೊನೆಗೆ ಕಣ್ಣಿಗೆ ಕಾಣದ ಎರಡು ಗುರುತು ಹಾಕುತ್ತದೆ, ನನ್ನದನ್ನು ನಡೆಸುವ ಲಿನಕ್ಸ್ ಒಂದೇ. ಸೇವ್ ಮಾಡುವಾಗ ನನ್ನ ಕಂಪ್ಯೂಟರು ಎಲ್ಲ ಸಾಲುಗಳಿಂದಲೂ ಒಂದೊಂದು ಗುರುತು ಕಿತ್ತುಹಾಕಿತ್ತು. ವ್ಯವಸ್ಥೆಯ ಲೆಕ್ಕದಲ್ಲಿ ಅಷ್ಟೂ ಸಾಲು ಹೊಸದು.

ನನ್ನ ತಿದ್ದುಪಡಿಯನ್ನು ಆಗಲೇ ಹಿಂತೆಗೆದೆ. ಆದರೆ ಮುಂದೆ ಎಲ್ಲರೂ ಎರಡು ಗುರುತು ಹಾಕುವುದೋ ಒಂದೋ, ಯಾವುದನ್ನು ರೂಢಿ ಮಾಡುವುದು? ಬರುತ್ತಿದ್ದ ಹೊಸ ಯಂತ್ರಗಳೆಲ್ಲ ಲಿನಕ್ಸಿನವು. ಒಂದೇ ಗುರುತು ಇರಲಿ ಎಂದು ಅವರೇ ಒಪ್ಪಿದರು. ಹಾಗೆ ಮಾಡಿದರೆ ಬದಲಿಸಿದವರ ಹೆಸರು ಎಲ್ಲರ ಫೈಲುಗಳಲ್ಲೂ ಬೀಳುತ್ತದಲ್ಲ, ನೀವೇ ಬದಲಿಸಿಬಿಡಿ ಎಂದೆ.

"ಅಂದ್ರ ನೀವೆಲ್ಲಾ ಮಾಡಿದ ತಪ್ಪು ನನ್ನ ತಲಿಮ್ಯಾಲ ಬರಬೇಕೇನು? ಬ್ಯಾಡಪ್ಪಾ," ಎಂದು ಅಂದು ಮೊದಲ ಸಲ ನಕ್ಕರು.

ಹುಡುಕಿದಾಗ ದಾರಿ ಸಿಕ್ಕಿತು. ಗುರುತು ಬದಲಿಸುವ ಕೆಲಸವೊಂದನ್ನೇ ಬೇರೆಯಾಗಿ ದಾಖಲಿಸಿ, ಹೆಸರು ತೋರಿಸುವಾಗ ಆ ದಾಖಲೆಯನ್ನು ದಾಟಿ ಹಿಂದಕ್ಕೆ ನೋಡು ಎಂದು ವ್ಯವಸ್ಥೆಗೆ ಹೇಳಬಹುದಿತ್ತು. ಹಾಗೇ ಮಾಡಿ, ನನ್ನ ಆ ಒಂದು ಸಾಲನ್ನು ಮತ್ತೆ ತಿದ್ದಿಟ್ಟೆ.

ಅವರು ಫೈಲು ತೆರೆದು, ಕನ್ನಡಕ ಸರಿಮಾಡಿಕೊಂಡು, ನಿಧಾನಕ್ಕೆ ಕೆಳಗಿಳಿಯುತ್ತ ಹೋದರು. ಅವರ ಹೆಸರು, ಅವರ ಹೆಸರು. ನಡುವೆ ನನ್ನದು ಬಂದಾಗ ನಿಂತು, ಆ ಸಾಲನ್ನು ಎರಡು ಸಲ ಓದಿದರು.

"ಇದು ಮಾತ್ರ ನಿಂದಽ ಐತಿ," ಎಂದರು. "ಚಲೋ ಐತಿ. ಇರ್ಲಿ."