ಅರ್ಧಕ್ಕೆ ಬಿಟ್ಟ ಕಾಜ

ಅಂಗಿಯ ಗುಂಡಿ ತೂರಿಸಲು ಬಟ್ಟೆಯಲ್ಲಿ ಸಣ್ಣ ಸೀಳು ಕೊಯ್ದು, ಅದರ ಸುತ್ತ ಒತ್ತೊತ್ತಾಗಿ ದಾರ ಹೆಣೆಯುತ್ತಾರಲ್ಲ, ಅದಕ್ಕೆ ಕಾಜ ಎನ್ನುತ್ತಾರೆ. ಆಕೆ ಮೂವತ್ತೊಂದು ವರ್ಷ ಮಾಡಿದ ಕೆಲಸ ಅದು. ಗಂಡ ಟೈಲರು. ಅಳತೆ, ಕತ್ತರಿ, ಮಿಷನ್ನು ಅವರ ಪಾಲು. ಕಾಜ, ಗುಂಡಿ, ಅಂಚು ಮಡಿಸಿ ಹೊಲಿಯುವುದು ಆಕೆಯ ಪಾಲು. ಮನೆಯ ಮುಂದಿನ ಕೋಣೆಯೇ ಅಂಗಡಿ. ಟೈಲರು ಗಿರಾಕಿಯ ಮೈಮೇಲೆ ಟೇಪು ಹಿಡಿದು ಉದ್ದ, ಭುಜ, ತೋಳು, ಎದೆ, ಸೊಂಟ, ಕೊರಳು ಎಂದು ಪಾಠ ಒಪ್ಪಿಸಿದಂತೆ ಕೂಗುವರು; ಆಕೆ ಪುಸ್ತಕದಲ್ಲಿ ಅಂಕಿ ಬರೆದುಕೊಳ್ಳುವಳು. ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವಳಿಗೆ ಅಕ್ಷರ ತಡವರಿಸುತ್ತಿತ್ತೇ ಹೊರತು ಅಂಕಿ ತಪ್ಪುತ್ತಿರಲಿಲ್ಲ. ಬೀದಿಯವರಿಗೆಲ್ಲ ಆಕೆ ಕಾಜದಮ್ಮ.

ಆ ದಿನ ಹೆಡ್‌ಮಾಸ್ತರ ಕಪ್ಪು ಕೋಟನ್ನು ಮಧ್ಯಾಹ್ನ ಎರಡಕ್ಕೆ ಕೊಡಬೇಕಿತ್ತು. ಸಂಜೆ ಅವರ ನಿವೃತ್ತಿಯ ಸಭೆ. ಕಾಜಗಳೇ ಹನ್ನೊಂದು: ಮುಂದಕ್ಕೆ ಮೂರು, ಒಂದೊಂದು ತೋಳಿಗೆ ನಾಲ್ಕು. ಹೊತ್ತು ಸಾಲುತ್ತದೋ ಇಲ್ಲವೋ ಎಂದು ಆಕೆ ಗೋಡೆಯ ಗಡಿಯಾರ ನೋಡಿದಾಗ ಹತ್ತೂಕಾಲು. ಆಗಲೇ ಟೈಲರ ಕೈಯಿಂದ ಕತ್ತರಿ ಜಾರಿ ನೆಲಕ್ಕೆ ಬಿತ್ತು. ಬಿದ್ದರೆ ಅಲಗು ಕೆಡುತ್ತದೆಂದು ಹೆತ್ತ ಮಗಳಿಗೂ ಆ ಕತ್ತರಿ ಮುಟ್ಟಗೊಟ್ಟವರಲ್ಲ ಅವರು.

"ಕೈ ಜೋಮು ಹಿಡೀತು ಕಣೇ. ಒಂಚೂರು ಅಡ್ಡಾಗ್ತೀನಿ, ನೀನು ಕಾಜ ಮುಗಿಸು," ಎಂದರು.

ಮಾತು ತೊದಲಿತು. ಬಾಯಿ ಒಂದು ಕಡೆಗೆ ಎಳೆದಂತಿತ್ತು. ಆದರೆ ಆಕೆಗೆ ಅದು ಹೊಸದಾಗಿ ಕಾಣಲಿಲ್ಲ. ಟೈಲರು ದಿನದ ಅರ್ಧ ಹೊತ್ತು ಬಾಯ ಮೂಲೆಯಲ್ಲಿ ಗುಂಡುಪಿನ್ನು ಕಚ್ಚಿಕೊಂಡೇ ಮಾತಾಡುವವರು. ಅವರ ಓರೆ ಬಾಯಿಗೂ ತೊದಲಿಗೂ ಆಕೆಯ ಕಣ್ಣು ಕಿವಿ ಒಗ್ಗಿಹೋಗಿದ್ದವು. ಈಗಲೂ ಪಿನ್ನಿದೆ ಎಂದುಕೊಂಡಳು. "ಪಿನ್ನು ಉಗುಳಿ ಮಲಗಿ," ಎಂದೂ ಹೇಳಿದಳು. ಅವರು ಗೋಡೆ ಹಿಡಿದುಕೊಂಡು ಒಳಗೆ ಹೋದರು.

ಒಂದು ಕಾಜಕ್ಕೆ ಕಾಲು ಗಂಟೆ. ಹನ್ನೆರಡಕ್ಕೆ ಒಮ್ಮೆ ಎದ್ದು ಇಣುಕಿದಳು. ಗೊರಕೆ ಕೇಳಿಸಿತು. ಬೀದಿಯ ಸದ್ದಿಗೆ ಎಚ್ಚರವಾಗದಿರಲೆಂದು ಬಾಗಿಲು ಮುಂದೆ ಮಾಡಿ ಬಂದಳು. ಕಾಜ ಮುಗಿಸಿ, ಗುಂಡಿ ಹಾಕಿ, ಇಸ್ತ್ರಿ ಮಾಡುವಷ್ಟರಲ್ಲಿ ಎರಡು ಗಂಟೆ. ಹೆಡ್‌ಮಾಸ್ತರು ಬಂದು, ತೊಟ್ಟು ತೋರಿಸುತ್ತೇನೆ, ಟೈಲರನ್ನು ಕರೆಯಿರಿ ಎಂದಾಗಲೇ ಆಕೆ ಎಬ್ಬಿಸಲು ಹೋದದ್ದು. ಬಲಗೈ ಹಿಡಿದೆತ್ತಿದರೆ ನೆನೆದ ಬಟ್ಟೆಯಂತೆ ಕೆಳಗೆ ಬಿತ್ತು. ಕಣ್ಣು ತೆರೆದಿತ್ತು, ಮಾತಿರಲಿಲ್ಲ. ಬಾಯಲ್ಲಿ ಪಿನ್ನೂ ಇರಲಿಲ್ಲ.

ಹೆಡ್‌ಮಾಸ್ತರು ಕೋಟನ್ನು ಕಟ್ಟೆಯ ಮೇಲೆ ಬಿಟ್ಟು ತಮ್ಮ ಕಾರಿನಲ್ಲೇ ಆಸ್ಪತ್ರೆಗೆ ಕರೆದೊಯ್ದರು. ಎಷ್ಟು ಹೊತ್ತಿಗೆ ಶುರುವಾಯಿತೆಂದು ಡಾಕ್ಟರು ಕೇಳಿದರು. ಆಕೆ ಯೋಚಿಸದೆ ಹತ್ತೂಕಾಲು ಎಂದಳು. ತಲೆಯ ಸ್ಕ್ಯಾನ್ ಮುಗಿದಾಗ ಮೂರು ಗಂಟೆ ಹತ್ತು ನಿಮಿಷ. ಮೆದುಳಿಗೆ ಹೋಗುವ ನಾಳದಲ್ಲಿ ರಕ್ತ ಹೆಪ್ಪುಗಟ್ಟಿದೆ, ಕರಗಿಸಲು ಇಂಜೆಕ್ಷನ್ ಇದೆ, ಆದರೆ ಅದನ್ನು ಕಾಯಿಲೆ ಶುರುವಾದಾಗಿನಿಂದ ನಾಲ್ಕೂವರೆ ತಾಸಿನೊಳಗೆ ಕೊಡಬೇಕು ಎಂದರು. ಆಕೆಗೆ ಯಾರೂ ಲೆಕ್ಕ ಮಾಡಿ ಹೇಳಬೇಕಾಗಲಿಲ್ಲ. ಇಪ್ಪತ್ತೈದು ನಿಮಿಷ ಮೀರಿತ್ತು. ಎರಡು ಕಾಜದ ಹೊತ್ತು ಕೂಡ ಅಲ್ಲ.

"ಹನ್ನೆರಡು ಗಂಟೆ ಅಂತ ಹೇಳಬಾರದಿತ್ತೇನಮ್ಮಾ," ಎಂದಳು ಊರಿನ ಆಚೆ ಬದಿಯಿಂದ ಓಡಿ ಬಂದ ಮಗಳು. ಪಕ್ಕದಲ್ಲಿದ್ದ ನರ್ಸಮ್ಮ ಮಗಳನ್ನು ತಡೆದು, ಹೊತ್ತು ಮೀರಿ ಆ ಔಷಧ ಕೊಟ್ಟರೆ ತಲೆಯೊಳಗೆ ರಕ್ತ ಸೋರುವ ಭಯ ಹೆಚ್ಚು, ನಿಮ್ಮಮ್ಮ ನಿಜ ಹೇಳಿದ್ದೇ ಒಳ್ಳೆಯದಾಯಿತು ಎಂದು ತಿಳಿಹೇಳಿದರು. ಬಾಯಿ ಸೊಟ್ಟಗಾದರೆ, ಎತ್ತಿದ ಕೈ ತಾನಾಗಿ ಇಳಿದರೆ, ಮಾತು ತೊದಲಿದರೆ, ಮೂರರಲ್ಲಿ ಒಂದು ಕಂಡರೂ ಸಾಕು, ಹೊತ್ತು ನೋಡಿಕೊಂಡು ನೇರ ಆಸ್ಪತ್ರೆಗೆ ಬರಬೇಕು. ಮಲಗಿದರೆ ಸರಿಹೋಗುತ್ತದೆಂದು ಬಿಡಬಾರದು, ಎಣ್ಣೆ ತಿಕ್ಕುತ್ತ ಕೂರಬಾರದು, ನೀರನ್ನೂ ಕುಡಿಸಬಾರದು. ಆಕೆ ಎಲ್ಲ ಕೇಳಿಸಿಕೊಂಡಳು. ಬಾಗಿಲು ಮುಂದೆ ಮಾಡಿ ಬಂದ ಸದ್ದು ಮಾತ್ರ ಕಿವಿಯಿಂದ ಹೋಗಲಿಲ್ಲ.

ಸುದ್ದಿ ತಿಳಿದು ಟೈಲರ ತಂಗಿ ಬಂದಳು. ಅತ್ತಿಗೆಗೆ ಕೋಟು ದೊಡ್ಡದಾಯಿತು, ನಮ್ಮಣ್ಣ ಚಿಕ್ಕವನಾದ ಎಂದು ವರಾಂಡದಲ್ಲಿ ನಾಲ್ಕು ಜನ ಕೇಳುವಂತೆ ಅಂದಳು. ಆಕೆ ಒಳಗೇ ಅಂದುಕೊಂಡದ್ದನ್ನು ನಾದಿನಿ ಹೊರಗೆ ಅಂದಿದ್ದಳು, ಅಷ್ಟೆ. ಒಂದೇ ಒಂದು ಸಂಗತಿ ಆಕೆಗೆ ತಿಳಿಯಬೇಕಿತ್ತು: ಅವರೂ ಹಾಗೇ ಅಂದುಕೊಂಡಿದ್ದಾರೆಯೇ? ಅದನ್ನು ಹೇಳಬೇಕಾದವರಿಗೆ ಮಾತೇ ಹೋಗಿತ್ತು.

ಹತ್ತೊಂಬತ್ತನೆಯ ದಿನ ಮನೆಗೆ ಕರೆತಂದರು. ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು. ನೆಟ್ಟಗೆ ಕೂರಿಸಿ ಸಣ್ಣ ಚಮಚದಲ್ಲಿ ಗಂಜಿ ಹಾಕಿ, ನುಂಗಿದ್ದು ನೋಡಿಯೇ ಮುಂದಿನ ಚಮಚ. ಕೊನೆಗೆ ಬಲಗೆನ್ನೆಯೊಳಗೆ ತುತ್ತು ಉಳಿದಿದೆಯೇ ಎಂದು ನೋಡಬೇಕು. ಅಂಗಿ ತೊಡಿಸುವಾಗ ಮೊದಲು ಬಿದ್ದ ಕೈ, ಆಮೇಲೆ ಇದ್ದ ಕೈ. ಕಳಚುವಾಗ ಅದಕ್ಕೆ ತಿರುವುಮುರುವು. ಜೀವಮಾನವೆಲ್ಲ ತೋಳು ಹೊಲಿದ ಮನೆಯಲ್ಲಿ ತೋಳು ತೊಡಿಸುವುದನ್ನು ಹೊಸದಾಗಿ ಕಲಿಯಬೇಕಾಯಿತು. ಮೂರು ತಿಂಗಳಿಗೆ ಆಕೆಯ ಸೊಂಟ ಹಿಡಿದುಕೊಂಡಿತು. ನೀನೂ ಬಿದ್ದರೆ ಇಬ್ಬರನ್ನು ಎತ್ತುವವರು ಯಾರು ಎಂದು ಮಗಳು ಗದರಿ, ಭಾನುವಾರ ತಾನೇ ನೋಡಿಕೊಂಡು ಆಕೆಯನ್ನು ಮಲಗಿಸತೊಡಗಿದಳು.

ನಾಲ್ಕನೆಯ ತಿಂಗಳಲ್ಲಿ ಟೈಲರ ಬಾಯಿಂದ ಒಂದು ಮಾತು ಬಂತು. ಒಂದೇ ಒಂದು. ಅದು ಕಾಜ.

ನೀರು ಬೇಕೆಂದರೆ ಕಾಜ. ಕಕ್ಕಸಿಗೆ ಹೋಗಬೇಕೆಂದರೆ ಕಾಜ. ಸಿಟ್ಟಿಗೂ ಅದೇ, ಅಳುವಿಗೂ ಅದೇ. ಬೆಳಗಿನಿಂದ ಸಂಜೆಯವರೆಗೆ ಆ ಮಾತು ಆಕೆಯನ್ನು ಸೂಜಿಯಂತೆ ಚುಚ್ಚಿತು. ಹೀಗಾದವರಲ್ಲಿ ಕೆಲವರ ನಾಲಿಗೆಗೆ ಒಂದೇ ಮಾತು ಅಂಟಿಕೊಳ್ಳುತ್ತದೆ, ಅವರು ಹೇಳಬೇಕೆಂದಿರುವುದು ಬೇರೆ, ಬರುವುದು ಅದು, ಮನಸ್ಸಿಗೆ ಹಚ್ಚಿಕೊಳ್ಳಬೇಡಿ ಎಂದು ಮಾತಿನ ಡಾಕ್ಟರಮ್ಮ ಹೇಳಿದರು. ಹೌದು ಅಲ್ಲ ಎಂದು ತಲೆಯಾಡಿಸಬಹುದಾದ ಪ್ರಶ್ನೆ ಕೇಳಿ, ಉತ್ತರಕ್ಕೆ ಕಾಯಿರಿ, ಮಗುವಿನ ಹತ್ತಿರ ಮಾತಾಡಿದಂತೆ ಮಾತಾಡಬೇಡಿ, ಅವರಿಗೆ ಎಲ್ಲ ತಿಳಿಯುತ್ತದೆ ಎಂದರು. ಎಲ್ಲ ತಿಳಿಯುತ್ತದೆ ಎಂಬ ಆ ಮಾತೇ ಆಕೆಯನ್ನು ಹೆಚ್ಚು ಹೆದರಿಸಿತು. ಸೂಜಿದಾರದ ಡಬ್ಬಿಯನ್ನು ಎತ್ತಿ ಮೇಲಿನ ಹಲಗೆಯ ಹಿಂದೆ ಇಟ್ಟುಬಿಟ್ಟಳು. ಹೊಲಿಸಲು ಬಂದವರಿಗೆ ಅಂಗಡಿ ಮುಚ್ಚಿದೆ ಎಂದಳು.

ದಿನಾ ಮಾಡುತ್ತಿದ್ದುದನ್ನೇ ಮಾಡಿಸಿ ನೋಡಿ ಎಂದೂ ಡಾಕ್ಟರಮ್ಮ ಹೇಳಿದ್ದರು. ಒಂದು ಬೆಳಿಗ್ಗೆ ನಾದಿನಿ ಬಂದಿದ್ದಾಗ ಆಕೆ ಗಂಡನ ಎಡಗೈಗೆ ಟೇಪು ಕೊಟ್ಟಳು. ಅವರು ಸ್ವಲ್ಪ ಹೊತ್ತು ಟೇಪನ್ನೇ ನೋಡಿದರು. ಆಮೇಲೆ ಕುರ್ಚಿಯ ಪಕ್ಕ ನಿಂತಿದ್ದ ತಂಗಿಯ ಭುಜಕ್ಕೆ ಅದರ ತುದಿ ತಾಗಿಸಿದರು. ಉದ್ದ, ಭುಜ, ತೋಳು, ಎದೆ, ಸೊಂಟ, ಕೊರಳು ಎಂದು ನಲ್ಲಿ ಬಿಟ್ಟಂತೆ ಮಾತು ಹರಿಯಿತು.

"ಸೊಂಟ ಎಷ್ಟು, ಬರ್ಕೋತೀನಿ ಹೇಳಿ," ಎಂದಳು ಆಕೆ.

"ಎಂಬತ್ತು."

"ಅಣ್ಣಾ, ಅಷ್ಟೊಂದು ಊದಿಲ್ಲ ಕಣೋ ನಾನು," ಎಂದ ನಾದಿನಿ ನಗಲು ಹೋಗಿ, ಸೆರಗು ಬಾಯಿಗೆ ಒತ್ತಿಕೊಂಡು ಅಡುಗೆಮನೆಗೆ ಹೋದಳು. ಅಂದಿನಿಂದ ಅವಳ ಬಾಯಲ್ಲಿ ಕೋಟಿನ ಮಾತು ಬರಲಿಲ್ಲ. ದಿನಾ ಬೆಳಿಗ್ಗೆ ಟೇಪು ಹಿಡಿಸುವುದು ರೂಢಿಯಾಯಿತು. ಆರು ಮಾತುಗಳ ಸಾಲು ಬರುತ್ತಿತ್ತು. ಟೇಪು ಕೆಳಗಿಟ್ಟರೆ ಮತ್ತೆ ಅದೇ ಒಂದು ಮಾತು. ಅದಕ್ಕಿಂತ ಮುಂದೆ ಹೋಗಲಿಲ್ಲ. ಕೋಲೂರಿ ಕೋಣೆಯಿಂದ ಕೋಣೆಗೆ ನಡೆಯುವಷ್ಟಾದರು. ಬಲಗೈ ಎಚ್ಚರಗೊಳ್ಳಲಿಲ್ಲ.

ಹೀಗೆ ಒಂದೂವರೆ ವರ್ಷ ಕಳೆಯಿತು. ಒಂದು ಬೆಳಿಗ್ಗೆ ಅವರು ಎಡಗೈಯಲ್ಲಿ ಕಪಾಟು ತೆಗೆದು ಒಂದು ಬಿಳಿ ಅಂಗಿ ಎಳೆದರು. ಕಾಯಿಲೆಗೆ ಮುಂಚೆ ತಮಗೆಂದೇ ಹೊಲಿದುಕೊಂಡದ್ದು, ಕಾಜ ಗುಂಡಿ ಬಾಕಿ ಇತ್ತು. ಅದನ್ನು ಕತ್ತರಿಸುವ ಮೇಜಿನ ಮೇಲೆ ಹರಡಿ, ನೀಲಿ ಸೀಮೆಸುಣ್ಣದಿಂದ ಆರು ಗೆರೆ ಎಳೆದರು. ಗೆರೆಗಳು ಸೊಟ್ಟ. ಆಮೇಲೆ ಆಕೆ ಅಳೆದು ನೋಡಿದಳು: ಒಂದರಿಂದ ಒಂದಕ್ಕೆ ಸರಿಯಾಗಿ ಮೂರೂವರೆ ಅಂಗುಲ. ಬಟ್ಟೆ ಜಾರುತ್ತಿತ್ತು. ಅವರು ಎಡಗೈಯಿಂದ ತಮ್ಮ ಬಲಗೈಯನ್ನು ಎತ್ತಿ, ಇಸ್ತ್ರಿಪೆಟ್ಟಿಗೆ ಇಟ್ಟಂತೆ ಬಟ್ಟೆಯ ತುದಿಯ ಮೇಲೆ ಇಟ್ಟರು. ಬಟ್ಟೆ ನಿಂತಿತು.

"ಕಾಜ," ಎಂದರು.

ಈ ಸಲ ನೀರೂ ಅಲ್ಲ, ಸಿಟ್ಟೂ ಅಲ್ಲ. ಆಕೆ ಹಲಗೆಯ ಹಿಂದಿನಿಂದ ಡಬ್ಬಿ ತೆಗೆದಳು. ದಾರ ಪೋಣಿಸಲು ಮೂರು ಸಲ ತಪ್ಪಿತು. ಸೂಜಿ ಕೈಯಲ್ಲಿ ಹಿಡಿದವಳೇ, ಅಷ್ಟು ದಿನ ಕೇಳದೆ ಉಳಿಸಿಕೊಂಡಿದ್ದನ್ನು ಕೇಳಿಬಿಟ್ಟಳು.

"ರೀ, ಅವತ್ತು ನಾನು ಕಾಜ ಹಾಕ್ತಾ ಕೂತೆ. ನಿಮ್ಮನ್ನ ಎಬ್ಬಿಸಲಿಲ್ಲ. ನನ್ನ ಮೇಲೆ ಸಿಟ್ಟಿದೆಯಾ?"

ಕೇಳಿ, ಕಾದಳು. ಅವರು ಆಕೆಯ ಮುಖ ನೋಡಿದರು. ಎಡಗೈ ಎತ್ತಿ ತಮ್ಮ ಎದೆ ಮುಟ್ಟಿಕೊಂಡರು, ತಮ್ಮ ಬಾಯಿ ಮುಟ್ಟಿಕೊಂಡರು, ಆಮೇಲೆ ಆಕೆಯ ಸೂಜಿಯನ್ನು ತೋರಿಸಿದರು. ಮತ್ತೊಮ್ಮೆ ಅದನ್ನೇ ಮಾಡಿದರು: ಎದೆ, ಬಾಯಿ, ಸೂಜಿ.

"ನೀವೇ ಹೇಳಿದ್ದು ಅಂತಲಾ? ಮುಗಿಸು ಅಂತ?"

ತಲೆಯಾಡಿಸಿದರು. ಅವರ ಕಣ್ಣಲ್ಲಿ ನೀರಿತ್ತು. ಕಾಯಿಲೆ ಬಂದ ಮೇಲೆ ಕಾರಣವಿಲ್ಲದೆಯೂ ಅವರ ಕಣ್ಣು ಹರಿಯುತ್ತಿದ್ದುದರಿಂದ ಅದಕ್ಕೆ ಅರ್ಥ ಹಚ್ಚಲು ಆಕೆ ಹೋಗಲಿಲ್ಲ. ತಲೆಯಾಡಿಸಿದ್ದನ್ನು ಮಾತ್ರ ಇಟ್ಟುಕೊಂಡಳು.

ದಿನಕ್ಕೊಂದು ಕಾಜ ಎಂದಾಯಿತು. ಬೆಳಿಗ್ಗೆ ಒಂಬತ್ತಕ್ಕೆ ಅವರ ಬಲಗೈ ಬಟ್ಟೆಗೆ ಭಾರವಾಗಿ ಕೂರುವುದು, ಆಕೆ ಹೆಣೆಯುವುದು. ನಾಲ್ಕು ದಿನಕ್ಕೆ ನಾಲ್ಕಾದವು. ಐದನೆಯ ದಿನ ಐದನೆಯದನ್ನು ಅರ್ಧ ಹೆಣೆದಿದ್ದಳು. ದಿನವೂ ಅವರು ಎಡಗೈಯಲ್ಲಿ ಹಿಡಿದು ಕೂರುತ್ತಿದ್ದ ಸೀಮೆಸುಣ್ಣ ಜಾರಿ ನೆಲಕ್ಕೆ ಬಿತ್ತು.

ಆಕೆ ಸೂಜಿಯನ್ನು ಇದ್ದಲ್ಲೇ ಬಿಟ್ಟು ಎದ್ದಳು. ಮುಖ ನೋಡಿದಳು, ಗಡಿಯಾರ ನೋಡಿದಳು: ಒಂಬತ್ತು ಗಂಟೆ ಹನ್ನೊಂದು ನಿಮಿಷ. ಆಂಬುಲೆನ್ಸಿಗೆ ಫೋನು ಮಾಡಿದಳು. ಅವರನ್ನು ಎಡಮಗ್ಗುಲಿಗೆ ಮಲಗಿಸಿ, ಕೊರಳಿನ ಗುಂಡಿ ಬಿಚ್ಚಿದಳು. ನೀರು ಕುಡಿಸಿ ಎಂದ ನೆರೆಯವಳಿಗೆ ಬೇಡ ಎಂದಳು. ಹತ್ತಾಗುವ ಮುಂಚೆ ಆಸ್ಪತ್ರೆಯಲ್ಲಿದ್ದರು.

ಈ ಸಲ ಹೆಪ್ಪಲ್ಲ, ನಾಳವೇ ಒಡೆದಿತ್ತು. ಅದಕ್ಕೆ ಕರಗಿಸುವ ಇಂಜೆಕ್ಷನ್ ಕೊಡುವಂತಿಲ್ಲ. ತಪ್ಪದೆ ಮಾತ್ರೆ ನುಂಗಿಸಿದ್ದಳು, ಹೊತ್ತು ಹಾಳು ಮಾಡಿರಲಿಲ್ಲ, ಆದರೂ ಮೂರನೆಯ ದಿನ ಮಧ್ಯಾಹ್ನ ಅವರು ಹೋದರು. ಡಾಕ್ಟರು ಹೊರಗೆ ಬಂದು, ನೀವು ಒಂದು ನಿಮಿಷವೂ ತಡ ಮಾಡಲಿಲ್ಲಮ್ಮ ಎಂದರು. ಗೊತ್ತು ಎಂದಳು.

ಈಚೆಗೆ ನಾದಿನಿ ಕಪಾಟಿನಲ್ಲಿ ಆ ಅಂಗಿ ಕಂಡು, ಇನ್ನು ಒಂದೂವರೆ ಕಾಜ ತಾನೆ ಅತ್ತಿಗೆ, ಮುಗಿಸಿಬಿಡಬಾರದೇ ಎಂದಳು.

"ಬೇಡ ಕಣಮ್ಮ. ಅದು ನಾನು ಬಿಟ್ಟು ಎದ್ದಿದ್ದು. ಹಾಗೇ ಇರಲಿ."

ಬಿಸಿಲು ಚೆನ್ನಾಗಿರುವ ದಿನ ಅಂಗಿಯನ್ನು ಗಾಳಿಗೆ ಹಾಕುತ್ತಾಳೆ. ತುಕ್ಕು ಹಿಡಿದು ಬಟ್ಟೆಗೆ ಕಲೆಯಾಗಬಾರದೆಂದು ಸೂಜಿಯನ್ನು ಸೆರಗಿನಲ್ಲಿ ಒರೆಸಿ, ಮತ್ತೆ ಅದೇ ತೂತಿನಲ್ಲಿ ನಿಲ್ಲಿಸುತ್ತಾಳೆ. ಆರನೆಯ ನೀಲಿ ಗೆರೆ ಮಾಸುತ್ತ ಬಂದಿದೆ. ಆಕೆ ಅದನ್ನು ತಿದ್ದಿಲ್ಲ.