ಬುದ್ಧಿಯೂ ಬಂಗುಡೆಯೂ

ಬೈಂದೂರಿನ ಕಾಲೇಜೊಂದರಲ್ಲಿ ಚರ್ಚಾಸ್ಪರ್ಧೆ. ವಿಷಯ, ‘ಬುದ್ಧಿಯೇ ಮನಸ್ಸಿನ ಯಜಮಾನ’. ಕುಂದಾಪುರದಿಂದ ಹೊರಟವರು ಇಬ್ಬರು, ನಾನು ಮತ್ತು ನನಗಿಂತ ಒಂದೇ ವರ್ಷ ದೊಡ್ಡವಳಾದ ಅಕ್ಕ. ಒಬ್ಬರು ಪರ, ಒಬ್ಬರು ವಿರೋಧ. ಪರ ಮಾತಾಡಿದವರಿಗೇ ಬಹುಮಾನ ಎಂದು ಇಬ್ಬರೂ ನಂಬಿದ್ದರಿಂದ ಇಬ್ಬರಿಗೂ ಅದೇ ಬೇಕು. ಚೀಟಿ ಎತ್ತೋಣ ಎಂದಳು ಅಕ್ಕ. ಅದೃಷ್ಟವನ್ನು ನಂಬದ ನಾನು ಪರೀಕ್ಷೆಯೇ ಆಗಲಿ ಎಂದೆ. ಹುರಿದ ಬಂಗುಡೆ ಮೀನಿನ ಬಟ್ಟಲು ಪಕ್ಕದಲ್ಲಿದ್ದೂ ಅತ್ತ ನೋಡದೆ ಭಾಷಣ ಮುಗಿಸಿದರೆ ಪರ ನನ್ನದು.

ಶನಿವಾರ ನಮ್ಮಲ್ಲಿ ಮೀನಿಲ್ಲ. ಹಾಗಾಗಿ ಭಾನುವಾರದ ಮೀನಿಗೆ ಎರಡು ಪಟ್ಟು ಪರಿಮಳ. ನಾನು ಶುರುಮಾಡಿದೆ. ಅಕ್ಕ ಬಟ್ಟಲನ್ನು ಎಡಕ್ಕೆ ಸರಿಸಿದಳು, ಬಲಕ್ಕೆ ಸರಿಸಿದಳು.

“ಹ್ವಾಯ್, ಸೋತೆ! ಕಣ್ಣ್ ಬಟ್ಲ್ ಹಿಂದೆಯೇ ಓಡ್ತಿತ್ತ್.”

“ನಾ ಎಲ್ ಕಂಡೆ? ಕೈ ಮುಟ್ಟಿತಾ? ಕಣ್ಣ್ ತನ್ನಷ್ಟಕ್ಕೆ ಹೋಯ್ತ್.”

ಒಲೆಯ ಬುಡದಿಂದ ಅಮ್ಮ ತೀರ್ಪು ಕೊಟ್ಟರು. “ಕಣ್ಣ್ ನಿಂದಲ್ದಾ ಮಗಾ? ಆಚಿಮನಿಯವ್ರದಾ?”

ವಿರೋಧ ನನ್ನ ಪಾಲಿಗೆ ಬಂತು. ಪುಸ್ತಕ ತಿರುವಿದೆ. ಆಸೆ ಹುಟ್ಟುವ ಮೆದುಳಿನ ಭಾಗದಿಂದ ಕಣ್ಣು ಹೊರಳಿಸುವ ಭಾಗಕ್ಕೆ ಒಳದಾರಿ ಇದೆಯಂತೆ. ಬುದ್ಧಿ ಚಪ್ಪಲಿ ಹಾಕಿಕೊಳ್ಳುವಷ್ಟರಲ್ಲಿ ಕಣ್ಣು ಹೋಗಿ ಬಂದಿರುತ್ತದೆ. ಸೋತದ್ದು ನಾನಲ್ಲ, ಅಕ್ಕನ ಪಕ್ಷ! ಆದರೆ ತೀರ್ಪುಗಾರರಿಗೆ ಬರೀ ಪುಸ್ತಕ ಸಾಕೆ? ಸಾಕ್ಷಿ ಬೇಕಲ್ಲ.

ಸಾಕ್ಷಿಯನ್ನು ಅಮ್ಮನೇ ಬುತ್ತಿಡಬ್ಬಿಗೆ ಹಾಕಿಕೊಟ್ಟಿದ್ದರು.

ಮರುದಿನ ವೇದಿಕೆಯ ಮೇಲೆ ಅಕ್ಕ “ಇಂದ್ರಿಯಗಳು ಬುದ್ಧಿಯ ಆಳುಗಳು” ಎಂದು ಕೈ ಎತ್ತುವ ಹೊತ್ತಿಗೆ, ಮುಂದಿನ ಬೆಂಚಿನಲ್ಲಿ ನಾನು ಬಂಗುಡೆಯ ಡಬ್ಬಿಯ ಮುಚ್ಚಳ ತೆಗೆದೆ. ಅವಳ ಬಾಯಿ ಆಳುಗಳ ಬಗ್ಗೆಯೇ ಹೇಳುತ್ತಿತ್ತು, ಕಣ್ಣು ಮಾತ್ರ ಡಬ್ಬಿಗೆ ಇಳಿಯಿತು. ಅವಳು ನೋಡಿದ ಕಡೆ ಸಭೆ ನೋಡಿತು. ತೀರ್ಪುಗಾರರೂ ನೋಡಿದರು. ನನ್ನ ಸರದಿ ಬಂದಾಗ ನಾನು ಹೆಚ್ಚು ಮಾತಾಡಬೇಕಾಗಲಿಲ್ಲ.

ಬಹುಮಾನ ನನಗೆ ಬಂತು. ಅಕ್ಕ ಸಿಟ್ಟಿನಲ್ಲಿ ಮಧ್ಯಾಹ್ನ ಡಬ್ಬಿಯನ್ನೇ ಮುಟ್ಟಲಿಲ್ಲ. ನನ್ನ ಪಾಲು ತಿಂದು ಅವಳದನ್ನು ಉಳಿಸಿದೆ. ವಾಪಸ್ ಬಸ್ಸಿನಲ್ಲಿ ಅವಳು ಕಿಟಕಿಯತ್ತ ಮುಖ ತಿರುಗಿಸಿ ಕೂತಳು. ಉಪ್ಪುಂದ ದಾಟುವಾಗ ಆ ಮುಖ ಮೆಲ್ಲನೆ ಈಚೆ ಹೊರಳಿತು, ನನ್ನ ತೊಡೆಯ ಮೇಲಿನ ಡಬ್ಬಿಯ ಕಡೆಗೆ.

“ಎಂತ ಕಾಣ್ತೆ ಅಕ್ಕ?”

“ಸಮುದ್ರ ಮಾರಾಯ, ಸಮುದ್ರ.”

ರಸ್ತೆಯ ಪಕ್ಕದಲ್ಲಿ ಸಮುದ್ರ ಕಾಣಬೇಕಾದರೆ ಮರವಂತೆ ಬರಬೇಕು, ಅದಿನ್ನೂ ಮುಂದಿತ್ತು. ನಾನು ವಾದಿಸಲಿಲ್ಲ. ಮುಚ್ಚಳ ತೆಗೆದೆ.